ಇವತ್ತು ಏನಿದೆ, ಓಮೋನಿ?

ಸಾಗರ,
ಆಷಾಢ, ಮಳೆ ಹಿಡಿದ ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಕೆಂಡವಾಗಿದ್ದೆ. ನಾನು ಹೂಂಗುಟ್ಟಿದೆ, ಅಷ್ಟೆ. ಬಾಯಿ ಬಿಟ್ಟಿದ್ದರೆ ಜಗಳವಾಗುತ್ತಿತ್ತು. ಈಗ ಕರೆಂಟಿಲ್ಲ, ಟೀವಿಯಿಲ್ಲ, ಹೇಳಬೇಕಾದ್ದನ್ನು ಬರೆದೇಬಿಡುತ್ತೇನೆ. ನಿನ್ನ ಹಾಗೆ ಕೆಲಸಕ್ಕೆಂದು ಜಪಾನಿಗೋ ಕೊರಿಯಕ್ಕೋ ಹೋಗಿರುವ ನಮ್ಮ ಹುಡುಗರು ಬೇಕಾದಷ್ಟಿದ್ದಾರೆ. ಅವರೂ ಓದಲಿ ಅಂತ ಪತ್ರಿಕೆಗೂ ಒಂದು ಪ್ರತಿ ಕಳಿಸುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಹೆದರಬೇಡ.

ನಿನ್ನ ದೂರು ಇಷ್ಟೇ ತಾನೆ? ಏಪ್ರಿಲ್‌ನಲ್ಲಿ ಒಸಾಕಾದ ತ್ಸುರುಹಾಶಿ ಸ್ಟೇಷನ್ನಿನ ಹಿಂದಿನ ಗಲ್ಲಿಯ ಒಂದು ಒಂಬತ್ತು ಕುರ್ಚಿಯ ಹೋಟೆಲಿಗೆ ಹೋದೆ. ಕೊರಿಯಾ-ಜಪಾನ್ ಫ್ಯೂಷನ್ ಅಂತ ಯಾರೋ ಹೇಳಿದ್ದರು. ಬಿದಿರಿನ ಮೊಳಕೆಯನ್ನು ಕೊರಿಯದ ಹುದುಗಿಸಿದ ಸೋಯಾ ಮುದ್ದೆ, ದ್ವೆನ್‌ಜಾಂಗ್‌ನಲ್ಲಿ ಬೇಯಿಸಿಕೊಟ್ಟರು. ಬಾಯಿಗಿಟ್ಟ ಕೂಡಲೇ ಊರಿನ ಕಳಲೆ ನೆನಪಾಗಿ ಕಣ್ಣು ತುಂಬಿತು. ಈಗ ಜುಲೈಯಲ್ಲಿ ಆಫೀಸಿನ ನಾಲ್ವರು ಗೆಳತಿಯರಿಗೆ ಅದನ್ನೇ ತಿನ್ನಿಸುತ್ತೇನೆಂದು ಕಟ್ಟಿಕೊಂಡು ಹೋದರೆ ಅದಿಲ್ಲ. ಗೋಡೆಯ ಬೋರ್ಡಿನಲ್ಲಿ ಹಳೆಯದು ಒಂದೂ ಇಲ್ಲ. “ಇಷ್ಟು ಚಿಕ್ಕ ಹೋಟೆಲು, ಒಂದು ಮೆನು ನೆಟ್ಟಗೆ ಇಟ್ಕೊಳ್ಳೋಕಾಗಲ್ವಾ ಅತ್ತೆ? ಎರಡೇ ಸ್ಟಾರ್ ಕೊಡ್ತೀನಿ” ಅಂದೆ.

ಅಲ್ವೇ, ನಿನ್ನ ಅಜ್ಜಿ ಮಾಘಮಾಸದಲ್ಲಿ ಹಸಿ ಕಳಲೆಯ ಪಲ್ಯ ಮಾಡಿದ್ದನ್ನು ಯಾವಾಗಲಾದರೂ ಕಂಡಿದ್ದೀಯಾ? ಉಪ್ಪಿನಲ್ಲಿ ಹಾಕಿಟ್ಟದ್ದು ಬೇರೆ ಮಾತು. ನಮ್ಮಲ್ಲಿ ಕಳಲೆ ಮಳೆಗಾಲದ್ದು, ಅಲ್ಲಿ ವಸಂತದ್ದು. ನಾವು ಹೆಚ್ಚಿ ಮೂರು ದಿನ ನೀರು ಬದಲಿಸುತ್ತೇವೆ, ಅವರು ಅಕ್ಕಿ ತೌಡು ಹಾಕಿ ಕುದಿಸಿ ಕಹಿ ತೆಗೆಯುತ್ತಾರೆ. ನೀನು ಏಪ್ರಿಲ್‌ನಲ್ಲಿ ತಿಂದ ಮೊಳಕೆಯ ಅಣ್ಣತಮ್ಮಂದಿರು ಜುಲೈ ಹೊತ್ತಿಗೆ ಮನೆಗಿಂತ ಎತ್ತರದ ಬಿದಿರಾಗಿ ನಿಂತಿರುತ್ತವೆ. ಅದನ್ನು ಬೇಯಿಸಿಕೊಡು ಎಂದರೆ ಹೋಟೆಲು ನಡೆಸುವ ಆ ಹುಡುಗ ಏನು ಮಾಡಬೇಕು?

ಜುಲೈಯಲ್ಲಿ ಒಸಾಕಾದವರು ತಿನ್ನುವುದು ಹಾಮೊ. ಹಾವಿನಂತೆ ಉದ್ದನೆಯ ಮೀನು, ಮೈತುಂಬ ಕೂದಲೆಳೆಯಂಥ ಮುಳ್ಳು. ಚರ್ಮ ಕತ್ತರಿಸದ ಹಾಗೆ ಮಾಂಸವನ್ನು ಮಾತ್ರ ಅಂಗುಲಕ್ಕೆ ಇಪ್ಪತ್ತು ಗೆರೆಯಷ್ಟು ಸಣ್ಣಗೆ ಕೊಯ್ಯಬೇಕು. ಆ ಕೊಯ್ತ ಕಲಿಯಲು ವರ್ಷಗಳೇ ಬೇಕು. ಬಿಸಿನೀರಿಗೆ ಅದ್ದಿದರೆ ಬಿಳಿ ಹೂವಿನ ಹಾಗೆ ಅರಳಿಕೊಳ್ಳುತ್ತದೆ. ಜುಲೈ 24, 25ರ ತೆಂಜಿನ್ ಜಾತ್ರೆಗೆ ಅದಿಲ್ಲದೆ ನಡೆಯುವುದಿಲ್ಲ. ಕೊರಿಯದ ದಕ್ಷಿಣ ಕಡಲಿನಲ್ಲಿ ಹಿಡಿದ ಹಾಮೊಗೆ ಒಸಾಕಾ, ಕ್ಯೋಟೋಗಳಲ್ಲಿ ಭಾರಿ ಬೆಲೆ. ಅದೇ ಕೊರಿಯದ ಯೊಸು ಊರಿನಲ್ಲಿ ಇದೇ ಮೀನನ್ನು ಕುದಿವ ಸಾರಿಗೆ ಅದ್ದಿ, ಸೊಪ್ಪಿನಲ್ಲಿ ಸುತ್ತಿ ತಿನ್ನುತ್ತಾರೆ. ಹೆಸರು ಮಾತ್ರ ಜಪಾನಿನದೇ: ‘ಹಾಮೊ ಯುಬಿಕಿ’. ನೀನು ಕಳುಹಿಸಿದ ಬೋರ್ಡಿನ ಫೋಟೋ ದೊಡ್ಡದು ಮಾಡಿ ನೋಡಿದೆ. ಮೂರನೆಯ ಸಾಲಿನಲ್ಲಿ ಹಾಮೊ ಇತ್ತು. ಪಕ್ಕದಲ್ಲಿ ಗೊಚುಜಾಂಗ್ (ಕೊರಿಯದ ಮೆಣಸಿನ ಮುದ್ದೆ) ಅಂತಲೂ ಬರೆದಿತ್ತು. ನೀನು ಅದನ್ನು ಬಿಟ್ಟು ಕರಿದ ಕೋಳಿ ತಿಂದು ಬಂದೆ.

ಮೆನು ಬದಲಾಗುವುದು ಶೋಕಿಗಲ್ಲ, ಪುಟ್ಟಿ. ಒಂಬತ್ತು ಕುರ್ಚಿಯ ಜಾಗದಲ್ಲಿ ದೊಡ್ಡ ಫ್ರೀಜರ್ ಇಡಲು ಸ್ಥಳವೂ ಇಲ್ಲ, ದುಡ್ಡೂ ಇಲ್ಲ. ಸ್ಟೇಷನ್ನಿನ ಪಕ್ಕದಲ್ಲೇ ಮೀನು ಮಾರುಕಟ್ಟೆ ಇದೆ. ಬೆಳಿಗ್ಗೆ ಹೋಗಿ, ಕಣ್ಣಿಗೆ ಕಂಡದ್ದರಲ್ಲಿ ಚೆನ್ನಾಗಿದ್ದದ್ದನ್ನು, ಜೇಬಿಗೆ ಹೊಂದಿದ್ದನ್ನು ತರುತ್ತಾರೆ. ಒಂದು ತಾಯ್ ಸಿಕ್ಕಿತು ಅಂತಿಟ್ಟುಕೋ. (ನಗಬೇಡ, ಆ ಮೀನಿನ ಹೆಸರೇ ‘ತಾಯ್’. ಕೊರಿಯದವರು ದೋಮಿ ಎನ್ನುತ್ತಾರೆ.) ಅದರ ಒಂದು ಮಗ್ಗುಲು ಜಪಾನಿನ ರೀತಿಯ ಹಸಿಮೀನು, ಸಾಶಿಮಿ, ಸೋಯಾ ಸಾಸು, ವಸಾಬಿಯ ಜೊತೆ. ಇನ್ನೊಂದು ಮಗ್ಗುಲು ಕೊರಿಯದ ರೀತಿಯ ಹಸಿಮೀನು, ಹ್ವೆ. ಹುಳಿ-ಖಾರದ ಗೊಚುಜಾಂಗ್ ಸವರಿ, ಎಲೆಯಲ್ಲಿ ಸುತ್ತಿ ಬಾಯಿಗೆ. ತಲೆ, ಮುಳ್ಳು ಖಾರದ ಸಾರಿಗೆ. ಚೂರುಪಾರು ಅನ್ನದ ಜೊತೆ ಬೇಯುತ್ತದೆ. ನಾಲ್ಕು ಸಾಲು ಬೋರ್ಡಿಗೆ ಬಂದಿತಲ್ಲ? ರಾತ್ರಿ ಒಂಬತ್ತಕ್ಕೆ ಮೀನು ಮುಗಿದರೆ ನಾಲ್ಕು ಸಾಲೂ ಅಳಿಸಿಹೋಗುತ್ತವೆ. ಉಳಿಯಿತೋ, ನಷ್ಟ. ಬೋರ್ಡು ಅಂದರೆ ಆ ದಿನದ ಜಮಾಖರ್ಚು ಅಂತ ನಾನು ಓದುತ್ತೇನೆ.

ಮೀನು ಸುತ್ತುವ ಆ ಎಲೆಯನ್ನೂ ಗಮನಿಸು. ಜಪಾನಿನವರ ಶಿಸೊ, ಕೊರಿಯದವರ ಕ್ಕೆನ್ನಿಪ್ ಎರಡೂ ಒಂದೇ ಜಾತಿಯ ಗಿಡದ ಎರಡು ಬಗೆ. ಆದರೆ ಮೂಗಿಗೆ ಹಿಡಿದರೆ ಎರಡು ಊರು.

ಇನ್ನು ಆ ‘ಫ್ಯೂಷನ್’ ಎಂಬ ಮಾತು. ಬೆಂಗಳೂರಿನಲ್ಲಿ ಪಿಜ್ಜಾ ದೋಸೆಗೂ ಅದೇ ಪದ ಬಳಸುತ್ತೀರಿ, ಬಳಸಿಕೊಳ್ಳಿ. ತ್ಸುರುಹಾಶಿಯಲ್ಲಿ ಆ ಪದ ಹೇಳುವ ಮುಂಚೆ ಒಂದು ಕ್ಷಣ ತಡೆ. 1910ರಲ್ಲಿ ಜಪಾನ್ ಕೊರಿಯವನ್ನು ನುಂಗಿತು. 1920ರ ದಶಕದಲ್ಲಿ ಜೆಜು ದ್ವೀಪದಿಂದ ಒಸಾಕಾಕ್ಕೆ ನೇರ ಹಡಗು ಶುರುವಾಯಿತು. ಕಿಮಿಗಾಯೊ-ಮಾರು ಅಂತ ಅದರ ಹೆಸರು. ಕಾರ್ಖಾನೆ ಕೂಲಿಗೆಂದು ಅದರಲ್ಲಿ ಬಂದವರು ತ್ಸುರುಹಾಶಿಯ ಬಳಿ, ಈಗಿನ ಇಕುನೊ ವಾರ್ಡಿನ ತಗ್ಗು ಪ್ರದೇಶದಲ್ಲಿ ಗುಡಿಸಲು ಹಾಕಿದರು. 1945ರ ನಂತರ ಬಹಳ ಜನ ವಾಪಸು ಹೋದರು, ಜಪಾನಿನಾದ್ಯಂತ ಸುಮಾರು ಆರು ಲಕ್ಷ ಜನ ಉಳಿದರು. 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಒಪ್ಪಂದ ಜಾರಿಗೆ ಬಂದಾಗ ಅವರ ಜಪಾನಿ ಪೌರತ್ವ ಹೋಯಿತು. ಮಾಂಸದಂಗಡಿಯಲ್ಲಿ ಬೇರೆಯವರು ಕೇಳದ ಕರುಳು, ಜಠರ ತಂದು, ಬೆಳ್ಳುಳ್ಳಿ, ಸೋಯಾ ಹಚ್ಚಿ ಕೆಂಡದ ಮೇಲೆ ಸುಟ್ಟು ಮಾರಿದರು. ‘ಹೊರುಮೊನ್’ ಎಂದು ಅದರ ಹೆಸರು. ಒಸಾಕಾ ಆಡುಮಾತಿನ ‘ಬಿಸಾಡುವ ವಸ್ತು’ವಿನಿಂದಲೇ ಆ ಹೆಸರು ಬಂತು ಎಂದು ಅಲ್ಲಿಯವರು ಹೇಳುತ್ತಾರೆ, ಪಂಡಿತರು ಒಪ್ಪುವುದಿಲ್ಲ. ಒಂದು ಕಾಲದಲ್ಲಿ ಮೂಗು ಮುಚ್ಚಿಕೊಂಡು ಹೋಗುತ್ತಿದ್ದ ಆ ಹೊಗೆಯ ವಾಸನೆಯನ್ನು 2001ರಲ್ಲಿ ಜಪಾನಿನ ಪರಿಸರ ಸಚಿವಾಲಯ ದೇಶದ ನೂರು ‘ಪರಿಮಳ’ಗಳ ಪಟ್ಟಿಗೆ ಸೇರಿಸಿತು. ಗುಲಾಬಿ ತೋಟ, ದೇವಸ್ಥಾನದ ಊದಿನಕಡ್ಡಿಯ ಸಾಲಿನಲ್ಲಿ ತ್ಸುರುಹಾಶಿ ಸ್ಟೇಷನ್ನು!

ನಾನು ಅಲ್ಲಿದ್ದದ್ದು 1994ರಿಂದ ಆರು ವರ್ಷ, ನಿನ್ನ ಮಾವನ ಕೆಲಸದಿಂದಾಗಿ. ಆಗ ಎರಡು ದೇಶದ ಅಡುಗೆ ಬೆರೆಸಿದ್ದಕ್ಕೆ ಫ್ಯೂಷನ್ ಅನ್ನುತ್ತಿರಲಿಲ್ಲ, ‘ಮುಕೋಕುಸೆಕಿ’ ಅನ್ನುತ್ತಿದ್ದರು. ಅಂದರೆ ‘ಯಾವ ದೇಶದ ಪೌರತ್ವವೂ ಇಲ್ಲದ್ದು’. ನಾನು ಹೋಗುತ್ತಿದ್ದ ಪುಟ್ಟ ಹೋಟೆಲಿನ ಓಮೋನಿಗೆ ಯಾರೋ ಗಿರಾಕಿ, ಒಳ್ಳೆಯ ಮಾತೆಂದೇ ತಿಳಿದು, ನಿಮ್ಮದು ಚೆಂದದ ಮುಕೋಕುಸೆಕಿ ಅಡುಗೆ ಎಂದ. (ಓಮೋನಿ ಅಂದರೆ ಕೊರಿಯದ ಮಾತಿನಲ್ಲಿ ಅಮ್ಮ. ಆ ಓಣಿಯ ಹೋಟೆಲು ನಡೆಸುವ ಹೆಂಗಸರನ್ನೆಲ್ಲ ಜಪಾನಿನವರೂ ಹಾಗೇ ಕರೆಯುತ್ತಿದ್ದರು.) ಆಕೆ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸದೆ, “ಅಡುಗೆಗೂ ಬಂತಾ ಅದು” ಅಂದಳು. ಗಿರಾಕಿಗೆ ತಿಳಿಯಲಿಲ್ಲ. ನನಗೂ ಆಗ ತಿಳಿಯಲಿಲ್ಲ, ಮನೆಗೆ ಹೋದ ಮೇಲೆ ನಿನ್ನ ಮಾವ ಬಿಡಿಸಿ ಹೇಳಿದರು.

ಮೊದಲ ದಿನ ಆ ಓಮೋನಿಯ ಹತ್ತಿರ ನಾನು ನಿನಗಿಂತ ಹೆಚ್ಚು ದಡ್ಡತನ ಮಾಡಿದ್ದೆ. ಆಗಿನ್ನೂ ಮೀನು ಮುಟ್ಟುತ್ತಿರಲಿಲ್ಲ. ಹೇಳದೆ ಕೇಳದೆ ಹೋಗಿ ಕೂತು, ಬಿಸಿ ಸಾರು ಎದುರಿಗೆ ಬಂದ ಮೇಲೆ, “ಇದರಲ್ಲಿ ಮೀನು ಇದ್ದರೆ ತೆಗೆದುಬಿಡಿ” ಅಂದೆ. ಸಾರಿನ ಜೀವವೇ ಒಣಮೀನು ಕುದಿಸಿದ ಕಟ್ಟು, ದಾಶಿ; ಅದನ್ನು ಎಲ್ಲಿಂದ ಹೆಕ್ಕಿ ತೆಗೆಯುವುದು? ಕೊರಿಯದ ಉಪ್ಪಿನಕಾಯಿ ಕಿಮ್ಚಿಯಾದರೂ ತಿನ್ನೋಣವೆಂದರೆ ಅದರಲ್ಲೂ ಉಪ್ಪು ಸೀಗಡಿ. ಆಕೆ ಒಂದು ಮಾತಾಡಲಿಲ್ಲ. ಬಿಸಿ ಅನ್ನ, ಎಳ್ಳೆಣ್ಣೆ, ಉಪ್ಪು, ಸುಟ್ಟ ಕಡಲಪಾಚಿಯ ಹಾಳೆ, ಸೋಯಾ ಮೊಳಕೆಯ ಪಲ್ಯ ತಂದಿಟ್ಟಳು. ನಾಚಿಕೆಯಿಂದ ತಿಂದೆ, ಎರಡು ಸಲ ಹಾಕಿಸಿಕೊಂಡು ತಿಂದೆ. ಮುಂದಿನ ಸಲ ಹಿಂದಿನ ದಿನವೇ ಫೋನ್ ಮಾಡಿದೆ. ಕೊಂಬು ಪಾಚಿ ಮತ್ತು ಒಣಗಿಸಿದ ಶಿಟಾಕೆ ಅಣಬೆಯನ್ನು ರಾತ್ರಿಯಿಡೀ ನೆನೆಸಿಟ್ಟ ನೀರಿನಲ್ಲಿ ದ್ವೆನ್‌ಜಾಂಗ್ ಕದಡಿ ಕುದಿಸಿದ್ದಳು. ಎರಡೂ ದೇಶದ ಬೌದ್ಧ ಮಠಗಳಲ್ಲಿ ಮೀನು ಮಾಂಸವಿಲ್ಲದ ದೊಡ್ಡ ಪಾಕಪರಂಪರೆಯೇ ಇದೆ. ಕೊರಿಯದ ಮಠಗಳಲ್ಲಂತೂ ನಮ್ಮ ಮಡಿ ಅಡುಗೆಯ ಹಾಗೆ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಹೊತ್ತು ಕೊಟ್ಟರೆ ಎಲ್ಲವೂ ಆಗುತ್ತದೆ. ನೀನು ಏನು ತಿನ್ನುವುದಿಲ್ಲವೋ ಅದನ್ನು ಫೋನಿನಲ್ಲೇ ಹೇಳು, ತಟ್ಟೆಯ ಮುಂದೆ ಕೂತು ಹೇಳಬೇಡ. ಎಷ್ಟು ಜನ ಅಂತಲೂ ಹೇಳು. ಒಂಬತ್ತು ಕುರ್ಚಿಯಲ್ಲಿ ಐದನ್ನು ಹೇಳದೆ ಹಿಡಿದುಕೊಂಡವಳು ನೀನು. ಎರಡು ಸ್ಟಾರ್ ಆ ಹುಡುಗನಿಗೆ ಕೊಡುತ್ತೇನೆ ಅನ್ನುತ್ತೀಯ.

ಹೇಳಬೇಕಾದ ಉಳಿದ ಮಾತು ಬೇಗ ಮುಗಿಸುತ್ತೇನೆ. ಕೂತ ಕೂಡಲೇ ಇವತ್ತು ಏನು ಚೆನ್ನಾಗಿದೆ ಅಂತ ಕೇಳು, ಅವನು ಹೇಳಿದ್ದನ್ನು ತಿನ್ನು. ‘ಓಮಕಾಸೆ’ ಅಂದರೆ ‘ನಿಮಗೇ ಬಿಟ್ಟೆ’ ಎಂದರ್ಥ. ಬಿಡುವ ಮುಂಚೆ ನಿನ್ನ ಹತ್ತಿರ ಎಷ್ಟಿದೆ ಅಂತ ಹೇಳಿಬಿಡು, ಒಸಾಕಾದಲ್ಲಿ ದುಡ್ಡಿನ ಮಾತಿಗೆ ಯಾರೂ ನಾಚುವುದಿಲ್ಲ. ಕೊರಿಯದಲ್ಲಿ ಊಟದ ಜೊತೆ ಬರುವ ಪಲ್ಯ, ಉಪ್ಪಿನಕಾಯಿಗಳಿಗೆ ದುಡ್ಡಿಲ್ಲ, ಮತ್ತೆ ಮತ್ತೆ ಹಾಕುತ್ತಾರೆ. ಜಪಾನಿನ ಕೆಲವು ಹೋಟೆಲುಗಳಲ್ಲಿ ನೀನು ಕೇಳದೆಯೇ ಬರುವ ಮೊದಲ ಪುಟ್ಟ ಬಟ್ಟಲಿಗೂ ಬಿಲ್ಲು ಬೀಳುತ್ತದೆ. ಇಂಥ ಬೆರಕೆ ಜಾಗದಲ್ಲಿ ಯಾವ ನ್ಯಾಯವೋ, ಕೇಳಿ ತಿಳಿದುಕೋ. ಟಿಪ್ಸ್ ಮಾತ್ರ ಎರಡೂ ಕಡೆ ಇಲ್ಲ.

ಬಟ್ಟಲು ಎತ್ತಿ ಉಣ್ಣಬೇಕೋ, ಮೇಜಿನ ಮೇಲೇ ಇಟ್ಟು ಉಣ್ಣಬೇಕೋ ಅಂತ ಕೇಳಿದ್ದೆಯಲ್ಲ. ಜಪಾನಿನಲ್ಲಿ ಎತ್ತದಿದ್ದರೆ ಒರಟು, ಕೊರಿಯದಲ್ಲಿ ಎತ್ತಿದರೆ ಒರಟು. ನನಗೆ ಪಾತ್ರೆಯೇ ದಾರಿ ಹೇಳಿಕೊಟ್ಟಿತು. ಸ್ಟೀಲಿನ ಬಟ್ಟಲಿನಲ್ಲಿ ಬಿಸಿ ಅನ್ನ ಬಂದಾಗ ಎತ್ತಲು ಹೋದರೆ ಕೈ ಸುಡುತ್ತದೆ, ಹಾಗಾಗಿ ಚಮಚ ಹಿಡಿ. ಮರದ್ದೋ ಪಿಂಗಾಣಿಯದ್ದೋ ಆದರೆ ಎಡಗೈಗೆ ತಂತಾನೇ ಏರುತ್ತದೆ. ಅನ್ನದಲ್ಲಿ ಕಡ್ಡಿ ನೆಟ್ಟಗೆ ಚುಚ್ಚಿಡಬೇಡ. ಸತ್ತವರ ಎಡೆಯ ನೆನಪು ತರುತ್ತದೆ, ಇದರಲ್ಲಿ ಎರಡೂ ದೇಶಕ್ಕೆ ಒಮ್ಮತ.

ಈಗ ಮೆಣಸಿನಕಾಯಿಯ ಕಥೆ. ಇಷ್ಟು ಬರೆದದ್ದು ಅದನ್ನು ಹೇಳುವುದಕ್ಕೇ ಇರಬೇಕು.

1997ರಲ್ಲಿ ಊರಿನಿಂದ ನಿನ್ನ ಅಜ್ಜಿ ಬ್ಯಾಡಗಿ ಮೆಣಸಿನ ಪುಡಿ ಕಳಿಸಿದ್ದಳು. ಅರ್ಧ ಕಿಲೋ ಓಮೋನಿಗೆ ಕೊಟ್ಟೆ. ಆಕೆ ಬೆರಳಲ್ಲಿ ತಿಕ್ಕಿ, ಮೂಸಿ, ನಾಲಿಗೆಗೆ ಹಚ್ಚಿಕೊಂಡು, “ಇದು ನಮ್ಮದೇ ಅಲ್ವಾ” ಅಂದಳು. ಬಣ್ಣ ಅಷ್ಟು, ಖಾರ ಇಷ್ಟೇ. ಕಿಮ್ಚಿಗೆ ಬೇಕಾದದ್ದೂ ಅದೇ. ಹಾಗೆ ನೋಡಿದರೆ ಅದು ಅವರದೂ ಅಲ್ಲ, ನಮ್ಮದೂ ಅಲ್ಲ. ಅಮೆರಿಕ ಖಂಡದ ಕಾಯಿ. ನಮ್ಮ ಕರಾವಳಿಗೆ ಪೋರ್ಚುಗೀಸರು ತಂದರು. ಕೊರಿಯದವರ ಕೈಗೆ ಜಪಾನಿನ ಕಡೆಯಿಂದ ಬಂತು. 1614ರ ಒಂದು ಕೊರಿಯನ್ ಗ್ರಂಥದಲ್ಲಿ ಅದಕ್ಕೆ ‘ಜಪಾನೀ ಸಾಸಿವೆ’ ಎಂದೇ ಹೆಸರಿದೆ. ಕೊಟ್ಟವರು ಖಾರಕ್ಕೆ ಹೆದರಿ ದೂರ ಕೂತರು, ತೆಗೆದುಕೊಂಡವರು ಅದರಲ್ಲೇ ಅಡುಗೆ ಕಟ್ಟಿದರು. ಮುನ್ನೂರು ವರ್ಷದ ಮೇಲೆ ಅದು ಜೆಜುವಿನ ಹಡಗಿನಲ್ಲಿ ಒಸಾಕಾಕ್ಕೆ ವಾಪಸು ಬಂತು.

ಮುಂದಿನ ವಾರ ಹೋದಾಗ ಬೋರ್ಡಿನ ಕೊನೆಯ ಸಾಲು: ‘ಸೌತೆಕಾಯಿ ಕಿಮ್ಚಿ, ಇಂಡಿಯಾದ ಮೆಣಸು’. ಸೀಗಡಿ ಹಾಕಿರಲಿಲ್ಲ, ನನಗೋಸ್ಕರ. ಅದರ ರುಚಿ ನಾನು ಬರೆಯಲಾರೆ. ಕೊರಿಯದ ಕೈ, ಜಪಾನಿನ ಸೌತೆ, ಹಾವೇರಿ ಜಿಲ್ಲೆಯ ಕೆಂಪು. ಪಕ್ಕದಲ್ಲಿ ಕೂತಿದ್ದ ಮುದುಕ ಮೂರು ಸಲ ಹಾಕಿಸಿಕೊಂಡ. ಅದಾಗಿ ಎರಡು ವಾರಕ್ಕೆ ನಿನ್ನ ಮಾವನ ಆಫೀಸಿನವರನ್ನೆಲ್ಲ ಕರೆದುಕೊಂಡು ಹೋದೆ, ನಮ್ಮ ಮೆಣಸಿನ ಕಿಮ್ಚಿ ತಿನ್ನಿಸುತ್ತೇನೆಂದು. ಬೋರ್ಡಿನಲ್ಲಿ ಆ ಸಾಲಿರಲಿಲ್ಲ. ಎಲ್ಲಿ ಹೋಯಿತು ಅಂತ ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ, ನಿನ್ನ ಧ್ವನಿಯಲ್ಲೇ.

“ನೀನು ಕೊಟ್ಟದ್ದು ಅರ್ಧ ಕಿಲೋ” ಅಂದಳು ಓಮೋನಿ.

ಆ ಹೋಟೆಲು ಮುಚ್ಚಿ ಬಹಳ ವರ್ಷವಾಯಿತು. ನೀನು ಹೋದ ಜಾಗದ ಹುಡುಗನ ಅಜ್ಜಿಯೂ ಜೆಜುವಿನವಳು ಅಂದೆಯಲ್ಲ, ಆತ ಯಾರೋ ಏನೋ. ಸ್ಟಾರುಗಳ ವಿಚಾರ ನಿನಗೆ ಬಿಟ್ಟದ್ದು. ಮುಂದಿನ ತಿಂಗಳು ನಿನ್ನ ಅಪ್ಪ ಅಲ್ಲಿಗೆ ಬರುವಾಗ ಒಂದು ಕಿಲೋ ಬ್ಯಾಡಗಿ ಪುಡಿ ಕಳಿಸುತ್ತೇನೆ, ಅರ್ಧ ನಿನಗೆ, ಅರ್ಧ ಅವನಿಗೆ. ಕೊಟ್ಟು ಬಾ. ಏನು ಮಾಡುತ್ತೀಯ ಅಂತ ಕೇಳಬೇಡ.

ಇಲ್ಲಿ ಈ ವರ್ಷದ ಮೊದಲ ಕಳಲೆ ಬಂದಿದೆ. ಹೆಚ್ಚಿ ನೀರಿಗೆ ಹಾಕಿದ್ದೇನೆ, ಎರಡನೆಯ ನೀರು ಬದಲಿಸುವ ಹೊತ್ತಾಯಿತು, ಏಳುತ್ತೇನೆ.

ನಿನ್ನ
ಅತ್ತೆ