ಕೊಳ್ಳೇಗಾಲ ಸೀಮೆಯ ಕಲ್ಲುಗಳ ಪೂರ್ವಚರಿತ್ರೆ

ಹಿಮಾಲಯವು ಹೇಗೆ ಉಂಟಾಯಿತೆಂದು ಕೇಳಿದರೆ ನಮ್ಮ ಮೇಲ್ತರಗತಿಯ ಬಾಲಿಕೆಯರು ತಡೆಯಿಲ್ಲದೆ ಉತ್ತರ ಹೇಳುವರು. ಬಿಳಿಗಿರಿರಂಗನ ಬೆಟ್ಟವಾದರೋ ಯಳಂದೂರಿನವರ ಕಣ್ಣೆದುರಿಗೇ ಇರುವಂಥದು. ಅದರ ಉತ್ಪತ್ತಿಯನ್ನು ಕೇಳಿದರೆ ಒಬ್ಬರ ಮುಖವನ್ನೊಬ್ಬರು ನೋಡುವರು. ಪಾಠದ ಪುಸ್ತಕಗಳಲ್ಲಿ ಈ ವಿಷಯವು ಬಾರದಿರುವ ಕಾರಣ, ನಮ್ಮ ಹಳೆಯ ವಿದ್ಯಾರ್ಥಿನಿಯರೂ ಅವರ ಮನೆಯವರೂ ಓದಲೆಂದು ಇಲ್ಲಿ ಕೆಲವು ಮಾತುಗಳನ್ನು ಬರೆಯುತ್ತೇವೆ.

ಆ ಬೆಟ್ಟದ ಕಲ್ಲನ್ನು ಹೊಸದಾಗಿ ಒಡೆದರೆ ಎಣ್ಣೆ ಸವರಿದಂತಹ ಹಸುರುಗಪ್ಪು ಬಣ್ಣವು ಕಾಣುವುದು. ಇದಕ್ಕೆ ಚಾರ್ನೊಕೈಟ್ ಎಂದು ಹೆಸರು. ಕಲ್ಕತ್ತೆಯಲ್ಲಿ ಜಾಬ್ ಚಾರ್ನಕ್ ಎಂಬಾತನ ಸಮಾಧಿಯ ಮೇಲಣ ಕಲ್ಲು ಇದೇ ಜಾತಿಯದು. ಥಾಮಸ್ ಹಾಲೆಂಡ್ ಎಂಬ ವಿದ್ವಾಂಸರು ಅದನ್ನು ಪರೀಕ್ಷಿಸಿ ೧೮೯೩ರಲ್ಲಿ ಈ ಹೆಸರಿಟ್ಟರು. ಒಬ್ಬನ ಗೋರಿಯಿಂದ ಇಷ್ಟೊಂದು ಬೆಟ್ಟಗಳಿಗೆ ನಾಮಕರಣವಾದುದು ವಿಚಿತ್ರವೇ ಸರಿ! ಈ ಕಲ್ಲು ನೀರಿನಂಶವು ಅತ್ಯಲ್ಪವಾಗಿ, ೭೦೦ ಡಿಗ್ರಿಗೂ ಮೇಲ್ಪಟ್ಟ ಶಾಖವಿರುವ ಕಡೆಯಲ್ಲಿ, ಸುಮಾರು ೨೦ ಕಿಲೋಮೀಟರು ಆಳದಲ್ಲಿ ಪಾಕಗೊಳ್ಳತಕ್ಕದ್ದು. ಕನಕಪುರದ ಬಳಿಯ ಕಬ್ಬಾಳದುರ್ಗದಲ್ಲಿ ಸಾಧಾರಣ ನೈಸ್ ಕಲ್ಲು ಚಾರ್ನೊಕೈಟಾಗಿ ಮಾರ್ಪಡುತ್ತಿದ್ದುದನ್ನು ಒಂದೇ ಬಂಡೆಯಲ್ಲಿ ಕಂಡು, ಪ್ರೊಫೆಸರ್ ಪಿಚ್ಚಮುತ್ತು ಅವರು ೧೯೬೦ರಲ್ಲಿ ಲೋಕಕ್ಕೆ ತಿಳಿಸಿದರು. ಹಾಗಾದರೆ ಇಂದು ಮೋಡವನ್ನು ಮುಟ್ಟುವ ಶಿಖರವು ಒಮ್ಮೆ ಪಾತಾಳದಲ್ಲಿದ್ದಿತು. ಅದರ ಮೇಲಿದ್ದ ಹೊದಿಕೆಯನ್ನೆಲ್ಲಾ ಮಳೆಗಾಳಿಗಳು ಕೊರೆದು ಒಯ್ದಿರುತ್ತವೆ.

ಇನ್ನು ಸಮುದ್ರದ ವಿಚಾರ. ಕೊಳ್ಳೇಗಾಲದ ಸುತ್ತಣ ಪ್ರದೇಶದಲ್ಲಿ ಕಬ್ಬಿಣವೂ ಬೆಣಚೂ ಪಟ್ಟೆಪಟ್ಟೆಯಾಗಿ ಸೇರಿದ ಕಲ್ಲು ದೊರೆಯುತ್ತದೆ. ಅದರ ಬಳಿ ದಿಕ್ಸೂಚಿಯನ್ನಿಟ್ಟರೆ ಮುಳ್ಳು ತಪ್ಪುದಾರಿ ತೋರಿಸುವುದುಂಟು. ಇಂತಹ ಪದರಗಳು ನೀರಿನಡಿಯಲ್ಲಿ ಮಟ್ಟಸವಾಗಿ ಕೂಡತಕ್ಕವು. ಇಲ್ಲಿಯಾದರೋ ಹಿಂಡಿದ ಬಟ್ಟೆಯ ಮಡಿಕೆಗಳಂತೆ ನೆಟ್ಟಗೆ ನಿಂತಿರುತ್ತವೆ. ಇವನ್ನು ಹಿಂಡಿದ ಶಕ್ತಿ ಯಾವುದು? ಕೊಳ್ಳೇಗಾಲದ ಮಗ್ಗುಲಲ್ಲಿ ಉತ್ತರದಕ್ಷಿಣವಾಗಿ ಒಂದು ಸೀಳುವಲಯವು ಹಾದುಹೋಗಿದೆ. ಪಶ್ಚಿಮಕ್ಕೆ ಮೈಸೂರು ಸೀಮೆಯ ಪುರಾತನ ಭೂಖಂಡ, ಪೂರ್ವಕ್ಕೆ ಬಿಳಿಗಿರಿಯ ಖಂಡ. ಜಿರ್ಕಾನ್ ಎಂಬ ಸಣ್ಣ ಹರಳಿನೊಳಗೆ ಯುರೇನಿಯಮ್ ಧಾತುವು ನಿಯಮಿತವಾಗಿ ಸೀಸವಾಗುತ್ತಾ ಬರುವುದರಿಂದ ಅದೇ ಗಡಿಯಾರವಾಗುತ್ತದೆ. ಆ ಲೆಕ್ಕದಂತೆ ಬಿಳಿಗಿರಿಯ ಕೆಲವು ಹರಳುಗಳಿಗೆ ಸುಮಾರು ೩೪೦ ಕೋಟಿ ವರ್ಷ. ಬೆಟ್ಟವನ್ನು ಬೇಯಿಸಿದ ಮಹಾತಾಪಕ್ಕೆ ಸುಮಾರು ೨೫೦ ಕೋಟಿ. ಎರಡು ಖಂಡಗಳ ನಡುವೆ ಸಮುದ್ರವಿದ್ದು, ಅದು ಮುಚ್ಚಿಹೋಗಿ ಖಂಡಗಳು ಡಿಕ್ಕಿಹೊಡೆದ ಹೊಲಿಗೆಯೇ ಈ ವಲಯವೆಂದು ಕೆಲವರ ಮತ. ಅದು ಬರಿಯ ಜಾರುರೇಖೆ, ಸಮುದ್ರಕ್ಕೆ ಸಾಕ್ಷಿ ಸಾಲದು ಎಂದು ಬೇರೆಯವರು. ನಾವು ತರಗತಿಯಲ್ಲಿ ಎರಡನ್ನೂ ಹೇಳುತ್ತೇವೆ. ಪಂಡಿತರು ವಾದಿಸುವುದನ್ನು ಮಕ್ಕಳು ಕೇಳಬಾರದೇಕೆ?

ದಕ್ಷಿಣಕ್ಕೆ, ತಮಿಳುನಾಡಿನಲ್ಲಿ, ಪಾಲ್ಘಾಟ್–ಕಾವೇರಿ ವಲಯವೆಂಬ ಇನ್ನೊಂದು ಹೊಲಿಗೆಯುಂಟು. ಸುಮಾರು ೫೫ ಕೋಟಿ ವರ್ಷಗಳ ಹಿಂದೆ ಮೊಜಾಂಬಿಕ್ ಸಾಗರವು ಮುಚ್ಚಿ, ಆಫ್ರಿಕ, ಮಡಗಾಸ್ಕರ್, ಭಾರತಗಳು ಗೊಂಡ್ವಾನ ಮಹಾಖಂಡವಾಗಿ ಕೂಡಿದಾಗ ಇದು ಉಂಟಾಯಿತೆಂದು ಅನೇಕರು ನಂಬುತ್ತಾರೆ.

ಇದರಿಂದ ನಮಗೇನೆಂದು ಹನೂರಿನ ಕಡೆಯ ರೈತರು ಕೇಳಿಯಾರು. ಕೊಳವೆಬಾವಿಗೆಂದು ಸಾಲಮಾಡಿ ಬರಿಯ ಕಲ್ಲುಪುಡಿಯನ್ನು ಕಂಡವರಿಗೆ ಈ ಪ್ರಶ್ನೆಯು ಸಣ್ಣದಲ್ಲ. ಪಾತಾಳದಲ್ಲಿ ಬೆಂದ ಕಲ್ಲಿಗೆ ಮರಳುಗಲ್ಲಿನಂತೆ ರಂಧ್ರಗಳಿಲ್ಲ. ನೀರು ನಿಲ್ಲುವುದು ಮೇಲಣ ಶಿಥಿಲವಾದ ಪದರದಲ್ಲಿ, ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರವೇ. ಆದುದರಿಂದಲೇ ಒಬ್ಬರ ಹೊಲದಲ್ಲಿ ನೀರು ಚಿಮ್ಮಿ, ಬದುವಿನ ಆಚೆ ನೂರಾರು ಅಡಿ ಕೊರೆದರೂ ಒಣಗಿರುವುದು. ಆಳವನ್ನು ಹೆಚ್ಚಿಸಿದಷ್ಟೂ ನೀರು ಹೆಚ್ಚೆಂಬ ನಂಬಿಕೆಯು ಈ ಕಲ್ಲಿನಲ್ಲಿ ಸಲ್ಲದು. ಕೆಳಗೆ ಹೋದಂತೆ ಬಿರುಕುಗಳು ಸಾಮಾನ್ಯವಾಗಿ ವಿರಳವಾಗುತ್ತವೆ. ಹಿರಿಯರು ಕಟ್ಟಿದ ಕೆರೆಗಳು ಮೇಲ್ಪದರಕ್ಕೆ ನೀರನ್ನು ಉಣಿಸುತ್ತಿದ್ದವು. ಹೂಳು ತುಂಬಿದ ಕೆರೆಯ ಕೆಳಗಣ ಬಾವಿಯು ಬತ್ತಿದರೆ ಆಶ್ಚರ್ಯವೇನು?

ಬಾವಿ ಕೊರೆಯಿಸುವ ಪೋಷಕರಲ್ಲಿ ನಮ್ಮದೊಂದು ಬಿನ್ನಹವಿದೆ. ಐವತ್ತಡಿಗೊಮ್ಮೆ ಒಂದೊಂದು ಹಿಡಿ ಕಲ್ಲುಪುಡಿಯನ್ನು ಕಾಗದದಲ್ಲಿ ಕಟ್ಟಿ, ಊರನ್ನೂ ಆಳವನ್ನೂ ನೀರು ಬಂದ ಅಡಿಯನ್ನೂ ಚೀಟಿಯಲ್ಲಿ ಬರೆದು ಮಗಳ ಕೈಯಲ್ಲಿ ಕಳುಹಿಸಿದರೆ, ಶಾಲೆಯ ವಸ್ತುಸಂಗ್ರಹದಲ್ಲಿ ಊರುವಾರಾಗಿ ಜೋಡಿಸಿಡುವೆವು.