ಹುಟ್ಟುಗುಣವೋ? ಸಂಸ್ಕಾರವೋ?

ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬನು ಹೇಳುವ ಮೊದಲೇ ಸಂಧ್ಯಾವಂದನೆಗೆ ಕುಳಿತುಕೊಳ್ಳುವನು. ಇನ್ನೊಬ್ಬನಿಗೆ ಜನಿವಾರದ ನೆನಪೇ ಇರದು. ಜಯನಗರ, ಬನಶಂಕರಿಗಳ ನಮ್ಮ ಮನೆಗಳಲ್ಲಿ ಇಂತಹ ಪ್ರಸಂಗ ಬಂದಾಗ ಎರಡು ಮಾತುಗಳು ಕೇಳಿಬರುತ್ತವೆ. "ಹುಟ್ಟುಗುಣ ಸುಟ್ಟರೂ ಹೋಗದು, ಅಜ್ಜನದೇ ಬುದ್ಧಿ" ಎಂಬುದು ಒಂದು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ತಾಯಿ ಸಂಸ್ಕಾರ ಕೊಡಲಿಲ್ಲ" ಎಂಬುದು ಮತ್ತೊಂದು. (ಈ ದೂರಿನಲ್ಲಿ ತಂದೆಯ ಹೆಸರು ಮಾತ್ರ ಎಂದೂ ಬಾರದು!) ಮೊದಲನೆಯ ಮಾತಿನಿಂದ ಮಗನ ಮೇಲಣ ಆಸೆ ಕಡಿದುಹೋಗುತ್ತದೆ, ಎರಡನೆಯದರಿಂದ ತಾಯಿಯ ಮನಸ್ಸು ಬೇಯುತ್ತದೆ. ಆದುದರಿಂದ ಎರಡನ್ನೂ ಶಾಸ್ತ್ರದೃಷ್ಟಿಯಿಂದ ವಿಚಾರಿಸೋಣ.

ಶ್ರೀಮದಾಚಾರ್ಯರು ಮಹಾಭಾರತತಾತ್ಪರ್ಯನಿರ್ಣಯದಲ್ಲಿ ಫಲಕ್ಕೆ ಮೂರು ಕಾರಣಗಳನ್ನು ಹೇಳಿರುವರು: ಜೀವನ ಅನಾದಿಯೋಗ್ಯತೆ, ಅನಾದಿಕರ್ಮ, ಪ್ರಯತ್ನ. ಮೂರೂ ಶ್ರೀಹರಿಯ ಅಧೀನವಾದವು. ಇಲ್ಲಿ ಯೋಗ್ಯತೆಯೆಂದರೆ ಜೀವಸ್ವಭಾವ. ಅದು ತಂದೆತಾಯಿಗಳಿಂದ ಬಂದುದಲ್ಲ. ಅವರಿಂದ ಬರುವುದು ದೇಹ ಮಾತ್ರ. ಹಿರಣ್ಯಕಶಿಪುವಿನ ಮಗನು ಪ್ರಹ್ಲಾದ; ವಾಲ್ಮೀಕಿರಾಮಾಯಣದಂತೆ ರಾವಣ ವಿಭೀಷಣರು ಒಂದೇ ತಾಯಿಯ ಮಕ್ಕಳು. "ಅಜ್ಜನ ಬುದ್ಧಿ" ಎಂಬುದು ಶಾಸ್ತ್ರದ ಮಾತಲ್ಲ.

ಇಂದಿನ ವಿಜ್ಞಾನವು ಹೇಳುವ ವಂಶವಾಹಿಗಳೂ ದೇಹದ ಪಕ್ಷಕ್ಕೇ ಸೇರತಕ್ಕವು. ಅವಳಿ ಮಕ್ಕಳನ್ನು ಕುರಿತ 2,748 ಲೇಖನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಜನರ ನಡುವಣ ವ್ಯತ್ಯಾಸಗಳಲ್ಲಿ ಸರಾಸರಿ ಶೇಕಡಾ 49ರಷ್ಟು ವಂಶವಾಹಿಗಳಿಗೆ ಸಂಬಂಧಿಸಿದ್ದೆಂದು ಕಂಡುಬಂದಿತು. ಇದು ಸಮೂಹದ ಲೆಕ್ಕ. ಒಬ್ಬ ಹುಡುಗನ ಗುಣವನ್ನು ಅರ್ಧರ್ಧ ಹಂಚುವ ತಕ್ಕಡಿಯಲ್ಲ. ಅಲ್ಲದೆ, ವಂಶದಿಂದ ಬಂದುದೆಲ್ಲ ಅಚಲವೆಂಬುದೂ ಸಲ್ಲದು. ಫೀನೈಲ್‌ಕೀಟೋನ್ಯೂರಿಯ ಎಂಬ ವಂಶಾನುಗತ ರೋಗವು ಬುದ್ಧಿಯನ್ನು ಕುಂಠಿತಗೊಳಿಸುತ್ತದೆ. ಹುಟ್ಟಿದೊಡನೆಯೇ ಗುರುತಿಸಿ ಪಥ್ಯದಲ್ಲಿಟ್ಟರೆ ಮಗುವು ಇತರರಂತೆಯೇ ಬೆಳೆಯುತ್ತದೆ.

ಸ್ವರೂಪಯೋಗ್ಯತೆ ಬದಲಾಗದೆಂಬುದು ಸಿದ್ಧಾಂತವಷ್ಟೆ. ಹಾಗಾದರೆ ಬೋಧನೆ ಏತಕ್ಕೆ ಎಂದು ಕೇಳಬಹುದು. ಯೋಗ್ಯತೆಯು ಸಾಧನೆಯಿಂದಲೇ ಅಭಿವ್ಯಕ್ತವಾಗಬೇಕು. ಮೇಲಾಗಿ ಅದು ನಮ್ಮ ಕಣ್ಣಿಗೆ ಕಾಣತಕ್ಕದ್ದಲ್ಲ. ಹತ್ತು ವರ್ಷದ ಬಾಲಕನನ್ನು ನೋಡಿ "ಇವನು ಇಷ್ಟೇ" ಎಂದು ನಿರ್ಣಯಿಸುವ ಅಧಿಕಾರ ತಂದೆಗೂ ಇಲ್ಲ, ಪಾಠ ಹೇಳುವ ನಮ್ಮಂಥವರಿಗೂ ಇಲ್ಲ. ಕರ್ಮವೂ ಹಾಗೆಯೇ ಅಗೋಚರ. ನಮ್ಮ ಪಾಲಿಗೆ ಉಳಿದಿರುವುದು ಪ್ರಯತ್ನವೊಂದೇ. ಪ್ರಯತ್ನ ಮಾಡಿದ ತಾಯಿಯನ್ನು ಫಲಕ್ಕಾಗಿ ದೂಷಿಸುವುದು ಉಳಿದೆರಡು ಕಾರಣಗಳನ್ನು ಮರೆತಂತೆ.

ಐದನೆಯ ಬ್ಲಾಕಿನ ಮಠದಲ್ಲಿ ನಾವು ಪ್ರದಕ್ಷಿಣೆ ಮಾಡುವ ರಾಯರನ್ನು ಪ್ರಹ್ಲಾದಾವತಾರವೆಂದೇ ನಂಬಿರುವೆವು. ಪ್ರಹ್ಲಾದರಾಜರಿಗೆ ಗರ್ಭದಲ್ಲಿಯೇ ನಾರದರ ಉಪದೇಶವಾಯಿತು. ಪೂರ್ವಾಶ್ರಮದ ವೆಂಕಟನಾಥರಾದರೋ ಬಾಲ್ಯದಲ್ಲಿಯೇ ತಂದೆ ತಿಮ್ಮಣ್ಣಭಟ್ಟರನ್ನು ಕಳೆದುಕೊಂಡರು. ಅಣ್ಣ ಗುರುರಾಜರು ಸಲಹಿದರು. ಮಧುರೆಯಲ್ಲಿ ಭಾವ ಲಕ್ಷ್ಮೀನರಸಿಂಹಾಚಾರ್ಯರು ಪಾಠ ಹೇಳಿದರು. ಅಂತಹ ಚೇತನಕ್ಕೆ ಪಾಠವೇಕೆಂದು ಯಾರೂ ಕೈಬಿಡಲಿಲ್ಲ. ಅಕ್ಕಭಾವಂದಿರ ಆ ಮನೆಯ ಮಗನಾದ ನಾರಾಯಣಾಚಾರ್ಯರೇ ಮುಂದೆ ರಾಘವೇಂದ್ರವಿಜಯವನ್ನು ರಚಿಸಿದರು.