ಅಲೆಯೊಡನೆ ಬಾಗುವ ಕೇಬಲು

ದೊಡ್ಡಬಳ್ಳಾಪುರ, ದೇವನಹಳ್ಳಿಗಳ ರೈತರಿಗೆ ಕೊಳವೆಬಾವಿಯ ಕೇಬಲು ಚಿರಪರಿಚಿತ. ಸಾವಿರ ಅಡಿ ಇಳಿದರೂ ಅದು ಪೈಪಿಗೆ ಅಂಟಿ ನಿಶ್ಚಲವಾಗಿರುತ್ತದೆ. ಕಡಲಲ್ಲಿ ತೇಲುತ್ತ ವಿದ್ಯುತ್ತನ್ನು ಉತ್ಪಾದಿಸುವ ಗಾಳಿಯಂತ್ರದ ಕೇಬಲಿಗೆ ಆ ನೆಮ್ಮದಿಯಿಲ್ಲ.

ಇಂತಹ ಯಂತ್ರಗಳ ಮೊದಲ ಸ್ಥಾವರವಾದ 'ಹೈವಿಂಡ್' 2017ರಲ್ಲಿ ಸ್ಕಾಟ್ಲೆಂಡಿನ ಕರಾವಳಿಯಾಚೆ ಕಾರ್ಯಾರಂಭ ಮಾಡಿತು. ಅಲ್ಲಿರುವುದು 6 ಮೆಗಾವಾಟಿನ ಐದು ಯಂತ್ರಗಳು. ಹತ್ತು ಸೆಕೆಂಡಿಗೊಂದು ಅಲೆಯೆಂದು ಎಣಿಸಿದರೂ ತೇಲುವ ಯಂತ್ರದ ಕೇಬಲು ವರ್ಷಕ್ಕೆ 30 ಲಕ್ಷಕ್ಕೂ ಹೆಚ್ಚು ಬಾರಿ ಬಾಗಬೇಕು. ಬಿಗಿದರೆ ತುಂಡಾದೀತು, ಸಡಿಲಬಿಟ್ಟರೆ ಕಡಲತಳಕ್ಕೆ ಉಜ್ಜಿ ಸವೆದೀತು. ಕೇಬಲು ಕೆಟ್ಟರೆ ಗಾಳಿ ಎಷ್ಟು ಬೀಸಿದರೂ ದಡಕ್ಕೆ ವಿದ್ಯುತ್ತು ತಲುಪದು.

ಆದುದರಿಂದ ಅದರ ನಡುಭಾಗಕ್ಕೆ ತೇಲುಬುರುಡೆಗಳನ್ನು ತೊಡಿಸಿ, ಒಂಟೆಯ ಡುಬ್ಬದಂತೆ ನೀರಿನಲ್ಲಿ ಎತ್ತಿ ನಿಲ್ಲಿಸುತ್ತಾರೆ. ಯಂತ್ರ ಓಲಾಡಿದಾಗ ಆ ಡುಬ್ಬವೇ ತಗ್ಗಿ ಉಬ್ಬಿ ಎಳೆತವನ್ನು ನುಂಗುತ್ತದೆ. ಉಪಾಯವೇನೋ ಸರಳ, ಒಳಗಿನ ರಚನೆಯೇ ಕಠಿಣ. ನೀರು ತಡೆಯಲು ಬಳಸುವ ಸೀಸದ ಹೊದಿಕೆಯು ಪದೇಪದೇ ಬಾಗಿದರೆ ಬಿರಿಯುತ್ತದೆ. ಅದರ ಬದಲು ಸುಕ್ಕುಗಟ್ಟಿಸಿದ ತಾಮ್ರದ ಹೊದಿಕೆಯನ್ನು ತೊಡಿಸುವುದುಂಟು.